ಕರೆಂಟ್ ಹೋದಾಗ ಪಾಯಿಂಟು ಹೇಳಿದವರು

ಆ ಭಾನುವಾರದಲ್ಲಿ ವಿಶೇಷವೇನೂ ಇರಲಿಲ್ಲ. ಬೇಲೂರು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಹಿಂದಿನ ಕೋಣೆಯಲ್ಲಿ, ವಿಡಿಯೋ ಗೇಮಿನ ಪೆಟ್ಟಿಗೆಯ ಮುಂದೆ ನಾನು ಎಡಕ್ಕೆ ನಿಂತಿದ್ದೆ, ಹಳೇಬೀಡಿನವರು ಬಲಕ್ಕೆ. ನನ್ನದು ಕೆಂಪು ದೋಣಿ, ಅವರದು ಹಸಿರು. ತೆರೆಯ ಮೇಲಿನ ಹೊಳೆ ಸುಳಿಗಳಿರುವ ಕಡೆಗೆ ತಿರುಗುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ದೋಣಿ, ಹೊಳೆ, ಮೂಲೆಯಲ್ಲಿ ಮೂಡಿದ್ದ ಪಾಯಿಂಟು, ಎಲ್ಲವೂ ಒಟ್ಟಿಗೆ ಹೋದವು. ಅಡುಗೆಮನೆಯಿಂದ ಹೋಟೆಲಿನವರು ಎಂದಿನಂತೆ ಕರೆಂಟಿನವರನ್ನು ಬೈದರು.

"ನಿಂದು ಎರಡು ಸಾವಿರದ ಎಂಟುನೂರು, ತಂಗಿ," ಎಂದರು ಹಳೇಬೀಡಿನವರು.

ನಮ್ಮಲ್ಲಿ ಹಾಗೆ. ಆಟದ ನಡುವೆ ಕರೆಂಟ್ ಹೋದರೆ ನನ್ನ ಪಾಯಿಂಟು ಅವರು ಹೇಳಬೇಕು, ಅವರದು ನಾನು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಹಳೇಬೀಡಿನ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಅವರ ಮನೆಗೆ ಅಂದು ನೆಂಟರು ಬಂದಿದ್ದರು. ನಮಗಿಂತ ಮುಂಚೆ ಹೊರಡಬೇಕಿತ್ತು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ತಿಂಡಿ ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋದವರು ತಿರುಗಿದರು.

"ನಂದು ನಿನ್ ಹತ್ರಾನೇ ಇರ್ಲಿ. ಮುಂದಿನ್ ವಾರ ಹೇಳು. ಅಲ್ಲಿಂದ್ಲೇ ಶುರು ಮಾಡಾಣ."

"ಮರ್ತ್ ಹೋದ್ರೆ?" ಎಂದೆ.

"ನೀನು? ಮರೀತೀಯಾ?" ಎಂದು ನಕ್ಕರು. "ಬತ್ತೀನಿ."

ಬುಧವಾರ ಬೆಳಗ್ಗೆ ಹಳೇಬೀಡಿನಿಂದ ಅರಸೀಕೆರೆಗೆ ಬಂದ ಬಸ್ಸಿನ ಕಂಡಕ್ಟರ್ ನಮ್ಮ ಅಂಗಡಿಯ ಮುಂದೆ ನಿಂತು ಅಣ್ಣನಿಗೆ ಸುದ್ದಿ ಹೇಳಿದ. ಹಿಂದಿನ ದಿನ ತಮ್ಮ ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಅಳೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲವಂತೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಹಿಂದಿನಿಂದ 'ಹಳೇಬೀಡಿನೋರು', ಎದುರಿಗೆ 'ಸಾಹುಕಾರ್ರೇ'. ಸಾಹುಕಾರಿಕೆ ಅಂಥದ್ದೇನೂ ಇರಲಿಲ್ಲ. ಹಳೇಬೀಡಿನ ಬಸದಿಗಳ ದಾರಿಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ, ಸ್ವಲ್ಪ ತೆಂಗು. ಜೈನರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕು, ಇಲ್ಲದಿದ್ದರೆ ಮರುದಿನ ಬೆಳಗಿನವರೆಗೆ ಊಟವಿಲ್ಲ. ಇದನ್ನು ಅವರು ಯಾರಿಗೂ ಬೋಧಿಸಲಿಲ್ಲ. ಸಂಜೆಯಾಗುತ್ತಲೇ ಡಬ್ಬಿ ಬಿಚ್ಚುತ್ತಿದ್ದರು, ಅಷ್ಟೆ.

ನನ್ನ ಅಣ್ಣನ ಅಂಗಡಿ ಅರಸೀಕೆರೆ ರೈಲು ನಿಲ್ದಾಣದ ಎದುರಿಗೆ. ರೇಡಿಯೋ ರಿಪೇರಿ, ಜೊತೆಗೆ ವಿಡಿಯೋ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವುದು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನಾನು ಗಲ್ಲಾದ ಹತ್ತಿರ ಕೂರುತ್ತಿದ್ದೆ. ಒಂದು ದಿನ ಹಾಸನದವರೊಬ್ಬರು ಬೆಂಗಳೂರಿನಿಂದ ತರಿಸಿದ ಗೇಮಿನ ಪೆಟ್ಟಿಗೆಯನ್ನು ನಮ್ಮಲ್ಲಿ ಇಟ್ಟು ಹೋದರು. ಬೀರುವಿನಷ್ಟು ಎತ್ತರ, ಎದೆಯ ಮಟ್ಟದಲ್ಲಿ ಗಾಜಿನ ತೆರೆ, ಕೆಳಗೆ ಪಕ್ಕಪಕ್ಕದಲ್ಲಿ ಎರಡು ಹಿಡಿ. ನಾಣ್ಯ ಹಾಕಿದರೆ ಹೊಳೆಯ ಮೇಲೆ ಎರಡು ದೋಣಿ ಮೂಡುತ್ತಿದ್ದವು. ಬಂಡೆಗೆ ತಾಗದಂತೆ, ಸುಳಿಗೆ ಸಿಗದಂತೆ ಬಾವುಟಗಳನ್ನು ಎತ್ತಿಕೊಳ್ಳುತ್ತ ಹೋಗಬೇಕು. ಯಾರಿಗೆ ಹೆಚ್ಚು ಪಾಯಿಂಟೋ ಅವರು ಗೆದ್ದಂತೆ. ಮೊದಲ ವಾರ ಜನ ಬಂದು ಅದನ್ನು ಮುಟ್ಟಿ ನೋಡಿ ಹೋದರು. ಎರಡನೇ ವಾರ ಜಗಳ ಶುರುವಾಯಿತು.

ಜಗಳಕ್ಕೆ ಕಾರಣ ಕರೆಂಟು. ನಮ್ಮ ಊರಿನಲ್ಲಿ ಅದು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹೋದರೆ ಪೆಟ್ಟಿಗೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ಬಂದ ಮೇಲೆ ಯಾರು ಮುಂದಿದ್ದರು ಎಂಬುದು ಪ್ರಶ್ನೆ. ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ರಂಗಪ್ಪ, ರೈಲು ಇಂಜಿನ್ನಿಗೆ ಕಲ್ಲಿದ್ದಲು ತುಂಬುವ ಫೈರ್‌ಮನ್. ಒಮ್ಮೆ ಅವನೂ ಕಾಲೇಜಿನ ಹುಡುಗನೊಬ್ಬನೂ ಇದೇ ವಿಚಾರಕ್ಕೆ ಕೊರಳಪಟ್ಟಿ ಹಿಡಿದುಕೊಂಡರು.

"ನಂದು ನಾಲ್ಕ್ ಸಾವ್ರ ಆಗಿತ್ತು ಕಣ್ಲಾ!"

"ಯಾವಾಗ? ನಿದ್ದೇಲಾ?"

ರೈಲಿನಲ್ಲಿ ಬರುವ ಬಟ್ಟೆಯ ಮೂಟೆ ಬಿಡಿಸಿಕೊಳ್ಳಲು ಹಳೇಬೀಡಿನವರು ಭಾನುವಾರ ಅರಸೀಕೆರೆಗೆ ಬರುತ್ತಿದ್ದರು. ರೈಲು ತಡವಾದರೆ ನಮ್ಮ ಅಂಗಡಿಯ ಬೆಂಚೇ ಅವರಿಗೆ ನೆರಳು. ಹಲವು ವಾರ ಆಟವನ್ನು ಬರಿದೆ ನೋಡಿದ್ದರು, ಹಿಡಿ ಮುಟ್ಟಿರಲಿಲ್ಲ. ಅಂದು ಎದ್ದು ಬಂದು ಇಬ್ಬರ ನಡುವೆ ನಿಂತರು.

"ರಂಗಪ್ಪ, ನಿಂದು ಬಿಡು. ಈ ಹುಡುಗಂದು ಎಷ್ಟಾಗಿತ್ತು ಹೇಳು."

"ಅವಂದು ನಂಗ್ಯಾಕ್ರೀ?"

"ನೀನು ಹೇಳಿದ್ದೇ ಅವಂದು. ಅವನು ಹೇಳಿದ್ದೇ ನಿಂದು. ಇಬ್ರೂ ಒಪ್ಕೊಂಡು ಮುಂದಕ್ಕೆ ಆಡಿ."

ಎಲ್ಲರೂ ನಕ್ಕರು. "ಹಂಗಾದ್ರೆ ಎದುರಾಳಿ ನಂದು ಸೊನ್ನೆ ಅಂತಾನೆ ಬಿಡಿ ಸಾಹುಕಾರ್ರೇ," ಎಂದ ರಂಗಪ್ಪ. "ಅನ್ಲಿ," ಎಂದರು ಅವರು. "ಇಷ್ಟು ಜನದ ಮುಂದೆ ಎಷ್ಟು ದಿನ ಅಂತಾನೆ?"

ನಕ್ಕವರೇ ಆಮೇಲೆ ಹಾಗೆ ಮಾಡತೊಡಗಿದರು. ಬೇರೆ ದಾರಿಯೂ ಇರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಕಟ್ಟಳೆ ಬೆಳೆಯಿತು. ಕರೆಂಟ್ ಹೋದರೆ ಇಬ್ಬರೂ ಒಬ್ಬೊಬ್ಬರಾಗಿ ನನ್ನ ಕಿವಿಯಲ್ಲಿ ಎದುರಾಳಿಯ ಪಾಯಿಂಟು ಹೇಳುವುದು, ನಾನು ಎರಡನ್ನೂ ಗಟ್ಟಿಯಾಗಿ ಹೇಳುವುದು. ಕರೆಂಟ್ ಬಂದ ಮೇಲೆ ಹೊಳೆಯ ಎಷ್ಟು ಹರವು ಉಳಿದಿತ್ತೋ ಅಷ್ಟನ್ನೇ ಹೊಸದಾಗಿ ಆಡಿ, ಬಂದದ್ದನ್ನು ಅದಕ್ಕೆ ಸೇರಿಸುವುದು. ನೋಡಲಿಲ್ಲ ಎಂದು ಒಬ್ಬ ಹೇಳಿದರೂ ಸಾಕು, ಆ ಪಂದ್ಯ ರದ್ದು, ಬೇರೊಂದು ದಿನ ಮೊದಲಿನಿಂದ. ಹೊತ್ತು ಮುಳುಗುವವರೆಗೂ ಕರೆಂಟ್ ಬರದಿದ್ದರೆ ಹೇಳಿದ ಪಾಯಿಂಟೇ ಕೊನೆ. ಈ ಕೊನೆಯದನ್ನು ರಂಗಪ್ಪನೇ ಸೇರಿಸಿದ್ದು. ಆ ಹೊತ್ತಿಗೆ ಹಳೇಬೀಡಿನವರೂ ಆಡಲು ಶುರು ಮಾಡಿದ್ದರು. ಊಟದ ಹೊತ್ತಾದ ಮೇಲೂ ಅವರು ಕಾಯುತ್ತ ನಿಲ್ಲದಿರಲಿ ಎಂದು. ಅಷ್ಟಾದರೂ ರಂಗಪ್ಪ ತಮಾಷೆ ಬಿಡುತ್ತಿರಲಿಲ್ಲ. "ಹೊತ್ತಿಗಿಂತ ಮುಂಚೆ ನಿಮ್ ದೋಣೀನೇ ಮುಳುಗ್ತಲ್ರೀ," ಎಂದು ಕಿಚಾಯಿಸುತ್ತಿದ್ದ.

ಇದರಿಂದ ಆಟವೇ ಬದಲಾಯಿತು. ಎದುರಾಳಿಯ ಪಾಯಿಂಟು ಹೇಳಬೇಕಾದರೆ ಅದನ್ನು ನೋಡುತ್ತಿರಬೇಕಲ್ಲ. ನೋಡುತ್ತ ನೋಡುತ್ತ ಅವನು ಯಾವ ಸುಳಿಯನ್ನು ಹೇಗೆ ದಾಟುತ್ತಾನೆ ಎಂಬುದೂ ಕಣ್ಣಿಗೆ ಬೀಳುತ್ತಿತ್ತು. ಒಬ್ಬನಿಗೆ ಗೊತ್ತಾದ ಉಪಾಯ ಒಂದೇ ವಾರದಲ್ಲಿ ಎಲ್ಲರದೂ ಆಗುತ್ತಿತ್ತು. ಹಾಗಾಗಿ ಎಲ್ಲರೂ ಹೊಸದೊಂದನ್ನು ಹುಡುಕಲೇಬೇಕಿತ್ತು. ಪೆಟ್ಟಿಗೆಯ ಯಜಮಾನರು ಒಮ್ಮೆ ನಾಣ್ಯ ತೆಗೆಯಲು ಬಂದಾಗ ನಿಂತು ನೋಡಿ ಅಣ್ಣನಿಗೆ ಹೇಳಿದರು: "ಹಾಸನದಲ್ಲೂ ಒಂದು ಇಟ್ಟಿದೀನಿ ಕಣ್ರೀ. ಅಲ್ಲಿ ತಮ್ತಮ್ ದೋಣಿ ನೋಡ್ಕೊಂಡು ಆಡ್ತಾರೆ. ನಿಮ್ಮೋರೇನು, ಪಕ್ಕದೋನ್ ದೋಣಿ ನೋಡ್ತಾರಲ್ಲ!"

ಪೆಟ್ಟಿಗೆ ಮಾಡಿದ ಕಂಪನಿಯವರಿಗೆ ಅರಸೀಕೆರೆಯ ಕರೆಂಟು ಗೊತ್ತಿರಲಿಲ್ಲ, ಹೊತ್ತು ಮುಳುಗುವ ಮುಂಚಿನ ಊಟವೂ ಗೊತ್ತಿರಲಿಲ್ಲ. ಅವರು ಮಾಡಿದ್ದು ಹೊಳೆ ಮತ್ತು ದೋಣಿ. ಮಿಕ್ಕಿದ್ದನ್ನು ನಾವು ಮಾಡಿಕೊಂಡೆವು.

ಅವರು ಆಡುವ ರೀತಿ ಹೀಗಿತ್ತು. ಮೊದಲು ಎರಡೂ ಅಂಗೈಗಳನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುವುದು. ಹಿಡಿಯನ್ನು ಎರಡೇ ಬೆರಳಿನಲ್ಲಿ, ಬಟ್ಟೆಯ ನವಿರು ನೋಡುವವರಂತೆ ಹಿಡಿಯುವುದು. ರಂಗಪ್ಪ ಸಲಿಕೆ ಹಿಡಿದಂತೆ ಹಿಡಿದು ಇಡೀ ಮೈಯಿಂದ ಆಡಿದರೆ, ಇವರ ಮಣಿಕಟ್ಟು ಮಾತ್ರ ಅಲುಗುತ್ತಿತ್ತು. ಸೋತಾಗ "ಚೆನ್ನಾಗಿ ಬಿಟ್ಟೆ ಕಣೋ ದೋಣೀನ" ಎನ್ನುವರು. ಗೆದ್ದಾಗ ಬರಿದೆ ಟವೆಲ್ಲು ಮಡಚುವರು.

ನನ್ನನ್ನು ಆಟಕ್ಕೆ ಕರೆದವರೂ ಅವರೇ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅಣ್ಣ, ನಾನು, ಅವರು ಇಷ್ಟೇ ಜನ. "ಎಲ್ಲರ ಪಾಯಿಂಟೂ ನೀನೇ ಹೇಳ್ತೀಯ. ನಿನ್ ಪಾಯಿಂಟ್ ಯಾರು ಹೇಳೋದು ತಂಗಿ?" ಎಂದರು. ನನಗೆ ಅರ್ಥವಾಗಲಿಲ್ಲ. "ಬಾ, ನಾನ್ ಹೇಳ್ತೀನಿ." ಅಣ್ಣನ ಮುಖ ನೋಡಿದೆ. ಅಣ್ಣ ತಲೆ ಎತ್ತದೆ ರೇಡಿಯೋದ ತಂತಿ ಬೆಸೆಯುತ್ತ, "ಹೋಗು, ಗಲ್ಲಾ ನಾನ್ ನೋಡ್ಕೋತೀನಿ" ಎಂದ. ಅಂದು ನನ್ನ ದೋಣಿ ಮೊದಲ ಬಂಡೆಗೇ ಹೊಡೆಯಿತು. "ನಿಂದು ನೂರು," ಎಂದರು ಅವರು, ದೊಡ್ಡ ಮೊತ್ತವೊಂದನ್ನು ಹೇಳುವಂತೆ.

ಪೆಟ್ಟಿಗೆ ನಮ್ಮಲ್ಲಿಗೆ ಬಂದು ವರ್ಷ ತುಂಬುವ ಹೊತ್ತಿಗೆ ಬೇಲೂರಿನ ಹೋಟೆಲಿನವರೂ ಅದನ್ನು ಕೇಳಿದರು. ದೇವಸ್ಥಾನ ನೋಡಲು ಬರುವ ಜನ, ಟ್ಯಾಕ್ಸಿಯವರು, ಗೈಡುಗಳು, ಅಲ್ಲಿಯೂ ಆಡುವವರು ಇದ್ದರು; ಕೆಲವರು ಆಡಲೆಂದೇ ನಮ್ಮಲ್ಲಿಗೆ ಬಂದದ್ದೂ ಉಂಟು. ಯಜಮಾನರಿಗೆ ತಲೆನೋವು ಬೇಡವಾಗಿತ್ತು. "ಪೆಟ್ಟಿಗೆ ಎಲ್ಲಿದ್ರೂ ನಂಗೊಂದೇ. ನೀವ್ ನೀವೇ ಆಡಿ ತೀರ್ಮಾನ ಮಾಡ್ಕೊಳ್ಳಿ. ಗೆದ್ದೋರ ಊರಿಗೆ," ಎಂದುಬಿಟ್ಟರು. ಊರಿಗೊಬ್ಬರಂತೆ ಒಂದೇ ಪಂದ್ಯ, ನಮ್ಮ ಅಂಗಡಿಯಲ್ಲೇ, ನಮ್ಮ ಕಟ್ಟಳೆಯಂತೆ ಎಂದು ಮಾತಾಯಿತು.

ನಮ್ಮ ಕಡೆ ರಂಗಪ್ಪ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಆ ಭಾನುವಾರ ಬೆಳಗ್ಗೆ ಅವನಿಗೆ ಗೂಡ್ಸ್ ಗಾಡಿಯ ಡ್ಯೂಟಿ ಬಿತ್ತು. "ಹಳೇಬೀಡಿನೋರ್ನ ನಿಲ್ಸಿ. ಆತುರ ಇಲ್ಲದ ಮನುಷ್ಯ," ಎಂದು ಹೇಳಿ ಹೋದ. ಯಾರೋ ಗೊಣಗಿದರು: ಹಳೇಬೀಡು ಇರುವುದೇ ಬೇಲೂರು ತಾಲ್ಲೂಕಿನಲ್ಲಿ, ಅವರನ್ನು ಹೇಗೆ ನಿಲ್ಲಿಸುವುದು? ಅವರು ಕೇಳಿಸಿಕೊಂಡರು. ಅಂಗೈ ಒರೆಸಿಕೊಂಡು ಬಲಗಡೆಯ ಹಿಡಿಯ ಹತ್ತಿರ ನಿಂತರು.

ಬೇಲೂರಿನ ಕಡೆಯಿಂದ ಬಂದವನು ಟ್ಯಾಕ್ಸಿ ಓಡಿಸುವವನು, ಮಾತುಗಾರ. "ಏನ್ ಸಾಹುಕಾರ್ರೇ, ನಮ್ ತಾಲೂಕಿನೋರಾಗಿ ಆ ಕಡೆ ನಿಂತೀರಲ್ಲ, ನಾಚ್ಕೆ ಆಗಲ್ವಾ?" ಎಂದ. "ಆಡು ಆಡು," ಎಂದರು ಇವರು.

ಪೆಟ್ಟಿಗೆ ಹೋದರೆ ನಾನು ಮತ್ತೆ ಬರೀ ಗಲ್ಲಾದವಳು. ಭಾನುವಾರವೂ ಮಿಕ್ಕ ದಿನಗಳಂತೆ ಆಗುತ್ತದೆ.

ಇಬ್ಬರೂ ಸಮನಾಗಿ ಹೋಗುತ್ತಿದ್ದರು. ಇನ್ನು ಕೊನೆಯ ಹರವು ಮಾತ್ರ ಉಳಿದಿತ್ತು, ಕರೆಂಟ್ ಹೋಯಿತು. ಅಂಗಡಿಯೆಲ್ಲ ಒಮ್ಮೆಗೇ ಕೂಗಿತು. ನಾನು ಪೆಟ್ಟಿಗೆಯ ಪಕ್ಕದಲ್ಲಿದ್ದೆ, ನನಗೆ ತೆರೆ ಕಾಣುತ್ತಿರಲಿಲ್ಲ. ಹಿಂದೆ ನಿಂತವರಿಗೂ ಸಂಜೆ ಬಿಸಿಲು ಗಾಜಿಗೆ ಹೊಡೆದು ಸರಿಯಾಗಿ ಕಂಡಿರಲಿಲ್ಲ. ಸಮಸಮ ಎಂದರು ಕೆಲವರು, ನಮ್ಮೋರೇ ಮುಂದೆ ಎಂದರು ಕೆಲವರು.

ಟ್ಯಾಕ್ಸಿಯವನು ಬಂದು ನನ್ನ ಕಿವಿಯಲ್ಲಿ ಹೇಳಿದ: ಹಳೇಬೀಡಿನವರದು ನಾಲ್ಕು ಸಾವಿರದ ಆರುನೂರು. ನಮ್ಮವರು ಅಂದುಕೊಂಡದ್ದಕ್ಕಿಂತ ಅದು ಹೆಚ್ಚೇ ಇತ್ತು. ಬೆಳಗ್ಗೆಯಷ್ಟೇ ಈ ಕಟ್ಟಳೆ ಕೇಳಿದವನು, ಕಡಿಮೆ ಹೇಳಬಹುದಿತ್ತು. ಹೇಳಲಿಲ್ಲ.

ಇವರ ಸರದಿ ಬಂದಾಗ ಹಿಂದಿನಿಂದ ಒಬ್ಬ ತಡೆಯಲಾಗದೆ ಕೂಗಿದ: "ಕಾಣ್ಲಿಲ್ಲ ಅನ್ರೀ ಸಾಹುಕಾರ್ರೇ! ಕಾಣ್ಲಿಲ್ಲ ಅನ್ನಿ ಸಾಕು!"

ಅಷ್ಟು ಹೇಳಿದ್ದರೆ ಪಂದ್ಯ ರದ್ದಾಗುತ್ತಿತ್ತು. ಮುಂದಿನ ವಾರ ರಂಗಪ್ಪ ಬಂದು ಗೆಲ್ಲುತ್ತಿದ್ದ. ಅದು ಅವರಿಗೂ ಗೊತ್ತಿತ್ತು. ಅವರು ಬಗ್ಗಿ ಹೇಳಿದರು: "ನಾಲ್ಕು ಸಾವಿರದ ಏಳುನೂರು ತಂಗಿ. ಗಟ್ಟಿಯಾಗಿ ಹೇಳು."

ಹೇಳಿದೆ.

ಆಮೇಲೆ ಕಾಯುವುದು ಶುರುವಾಯಿತು. ಹೊತ್ತು ಮುಳುಗುವುದರೊಳಗೆ ಕರೆಂಟ್ ಬಂದರೆ ಕೊನೆಯ ಹರವಿನಲ್ಲಿ ನೂರು ಪಾಯಿಂಟಿನ ಹಿನ್ನಡೆ ದೊಡ್ಡದಲ್ಲ. ಒಬ್ಬ ಬೀದಿಗೆ ಹೋಗಿ ಟ್ರಾನ್ಸ್‌ಫಾರ್ಮರ್ ನೋಡಿ ಬಂದ, ನೋಡಿದರೆ ಬರುತ್ತದೆ ಎಂಬಂತೆ. ಇವರ ಡಬ್ಬಿ ಬೆಂಚಿನ ಮೇಲಿತ್ತು. "ಊಟ ಮಾಡ್ಬಿಡಿ, ಬಂದಾಗ ಕರೀತೀವಿ," ಎಂದ ಅಣ್ಣ. "ಇರ್ಲಿ, ಬಂದ್ಬಿಟ್ರೆ?" ಎಂದು ಹಿಡಿಯ ಹತ್ತಿರವೇ ನಿಂತರು. ಬಿಸಿಲು ನಿಲ್ದಾಣದ ಹಂಚಿನ ಮೇಲಿಂದಲೂ ಜಾರಿತು. ಅವರು ಬಾಗಿಲಿಗೆ ಹೋಗಿ ಪಡುವಣದ ಕಡೆ ನೋಡಿದರು. ಬಿಚ್ಚದ ಡಬ್ಬಿಯನ್ನು ಚೀಲಕ್ಕೆ ಹಾಕಿದರು.

ಚೀಲವನ್ನು ಹೆಗಲಿಗೇರಿಸುವಾಗ ಕರೆಂಟ್ ಬಂತು.

"ಬಂತು! ಬಂತು! ಇನ್ನೂ ಬೆಳಕೈತೆ, ಆಡ್ರೀ!" ನಮ್ಮವರೆಲ್ಲ ಕೂಗಿದರು. ಟ್ಯಾಕ್ಸಿಯವನು ಕೂಡ, "ಆಡಾಣ ಬನ್ನಿ, ನಂದೇನೂ ತಕರಾರಿಲ್ಲ," ಎಂದ.

"ಹೊತ್ತು ಮುಳುಗ್ತಲ್ಲಪ್ಪ," ಎಂದರು ಅವರು. "ನಂಗೋಸ್ಕರ ಮಾಡಿದ್ ಕಟ್ಟಳೆ. ನಾನೇ ಮುರಿಯೋದಾ?"

ಗಾಡಿಯಲ್ಲಿ ಪೆಟ್ಟಿಗೆ ಬೇಲೂರಿಗೆ ಹೋಯಿತು. ನಮ್ಮೂರಿನಲ್ಲಿ ಬಂದ ಮಾತು ಇದು: ತಮ್ಮ ಊರಿಗೆ ಹತ್ತಿರವಾಗಲಿ ಎಂದು ಬಿಟ್ಟುಕೊಟ್ಟರು. ಡ್ಯೂಟಿ ಮುಗಿಸಿ ಬಂದ ರಂಗಪ್ಪ ಮಸಿ ಮುಖದಲ್ಲೇ ಖಾಲಿ ಜಾಗ ನೋಡಿ, "ಇನ್ನು ಆ ಮನುಷ್ಯನ ಹತ್ರ ನಂಗೇನ್ ಮಾತು," ಎಂದ. ಪೆಟ್ಟಿಗೆಗಿಂತ ಆ ಮಾತೇ ನನಗೆ ಹೆಚ್ಚು ಸಂಕಟ ಮಾಡಿತು.

ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವರು ನಮ್ಮ ಅಂಗಡಿಗೆ ಬಂದರು. ಆ ವೇಳೆಗೆ ಬಟ್ಟೆ ಮೂಟೆ ಲಾರಿಯಲ್ಲೇ ಹಳೇಬೀಡಿಗೆ ಹೋಗುತ್ತಿತ್ತು. ಅರಸೀಕೆರೆಯಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ. ರಂಗಪ್ಪ ಮತ್ತು ಇನ್ನೂ ಕೆಲವರು ಅಭ್ಯಾಸಬಲದಿಂದ ಬಂದು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು.

"ನಡೀರಿ, ಬೇಲೂರಿಗೆ ಹೋಗಾಣ. ಆಟ ಕಾಯ್ತಾ ಇದೆ."

ಯಾರೂ ಏಳಲಿಲ್ಲ. ಕೊನೆಗೆ ರಂಗಪ್ಪ, "ಅಲ್ಲಾ ಕಣ್ರೀ, ಬೇಲೂರಿಗೆ ನಿಮ್ಮೂರ್ ಮೇಲೇ ಹೋಗ್ಬೇಕು. ಅಲ್ಲೇ ಬಸ್ ಹತ್ಕೊಳೋದ್ ಬಿಟ್ಟು ಇಲ್ಲೀಗಂಟ ಯಾಕ್ ಬಂದ್ರಿ?" ಎಂದ.

"ನಾನು ಅರಸೀಕೆರೆ ಕಡೆ ಆಡೋನು. ಅರಸೀಕೆರೆಯಿಂದ್ಲೇ ಹೊರಡ್ಬೇಕು."

ರಂಗಪ್ಪ ಅವರನ್ನೇ ನೋಡಿದ. ಆಮೇಲೆ ಎದ್ದು ಅವರ ಕೈಯಿಂದ ಚೀಲ ತೆಗೆದುಕೊಂಡ. ಹೊರಡುವಾಗ ಅವರು ಅಣ್ಣನಿಗೆ ಹೇಳಿದರು: "ಪಾಯಿಂಟ್ ಹೇಳೋರಿಲ್ದೆ ಹೆಂಗಪ್ಪ? ತಂಗೀನೂ ಬರ್ಲಿ. ನೀನೂ ಬಾ, ಒಂದಿನ ರೇಡಿಯೋ ಮಾತಾಡ್ದೆ ಇದ್ರೆ ಏನಾಯ್ತದೆ." ಅಣ್ಣ ಅಂಗಡಿಯ ಬಾಗಿಲು ಹಾಕಿದ.

ಅಂದಿನಿಂದ ಭಾನುವಾರ ಭಾನುವಾರ ಹಾಗೆ. ಬೆಳಗ್ಗೆ ತಮ್ಮ ಊರು ಬಿಟ್ಟು ಅರಸೀಕೆರೆಗೆ ಬರುವರು, ನಮ್ಮೊಂದಿಗೆ ಮತ್ತೆ ತಮ್ಮ ಊರನ್ನೇ ದಾಟಿಕೊಂಡು ಬೇಲೂರಿಗೆ ಹೋಗುವರು. ಬಸ್ಸು ಹಳೇಬೀಡಿನಲ್ಲಿ ನಿಂತಾಗ ಅಂಗಡಿಯ ಕಡೆ ಒಮ್ಮೆ ಕತ್ತು ಚಾಚಿ ನೋಡುವರು. "ಇಳೀತೀರಾ?" ಎಂದು ಕಂಡಕ್ಟರ್ ಬೇಕೆಂದೇ ಕೇಳುವನು. ಬಸ್ಸೆಲ್ಲ ನಗುತ್ತಿತ್ತು. ಅವರೂ ನಗುತ್ತಿದ್ದರು.

ಬೇಲೂರಿನಲ್ಲಿ ನಮ್ಮನ್ನು ಮೊದಲು ಕರೆದು ಕೂರಿಸಿದವನು ಆ ಟ್ಯಾಕ್ಸಿಯವನೇ. ಹೋಟೆಲಿನವರು ಈರುಳ್ಳಿ ಹಾಕದ ಉಪ್ಪಿಟ್ಟನ್ನು ಅವರಿಗೆಂದು ಬೇರೆ ಮಾಡಿಡತೊಡಗಿದರು. ಹಗರೆಯಿಂದ ಹಾಲಿನ ಡೈರಿಯ ಒಬ್ಬರು, ಅರೇಹಳ್ಳಿಯಿಂದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು, ಹುಲಿಕೆರೆಯ ಮೇಷ್ಟ್ರು, ಹೀಗೆ ಬಸ್ಸು ಬರುವ ಕಡೆಯಿಂದೆಲ್ಲ ಜನ ಸೇರಿದರು. ಅರಸೀಕೆರೆಯಲ್ಲೇ ಇದ್ದಿದ್ದರೆ ಇವರಲ್ಲಿ ಎಷ್ಟು ಮಂದಿ ಬರುತ್ತಿದ್ದರೋ. ಹೊಸಬರು ಬಂದಾಗ ಕಟ್ಟಳೆಯನ್ನು ರಂಗಪ್ಪ ವಿವರಿಸುತ್ತಿದ್ದ, ತಾನೇ ಕಂಡುಹಿಡಿದವನ ಹಾಗೆ. ಇವರು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು.

ಅವರು ತೀರಿಹೋದ ಮೇಲೆ ನಾನು ಮತ್ತು ಅಣ್ಣ ಹಳೇಬೀಡಿನ ಅವರ ಮನೆಗೆ ಹೋಗಿ ಬಂದೆವು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂತರು. "ಆಟಕ್ಕೆ ಅಂತ ಹೋಗೋರಲ್ಲ, ನಂಗೆ ಒಂದೊಂದ್ ಸಲ ಸಿಟ್ಟು ಬರೋದು ಕಣಮ್ಮ," ಎಂದರು. ಮತ್ತೆ ತಾವೇ ಹೇಳಿದರು: "ರಾತ್ರಿ ಹೂ ಕಟ್ತಾ ಇರ್ತೀನಿ, ಕರೆಂಟ್ ಹೋಗುತ್ತೆ. ಕತ್ಲಲ್ಲೇ ಅನ್ನೋರು, ನಿಂದು ಎರಡು ಮೊಳ ಆಗಿತ್ತು ಅಂತ. ದೀಪ ಹಚ್ಚಿ ಅಳೆದ್ರೆ ಅಷ್ಟೇ ಇರೋದು."

ಎರಡು ಭಾನುವಾರ ಯಾರೂ ಬೇಲೂರಿಗೆ ಹೋಗಲಿಲ್ಲ. ಮೂರನೆಯದಕ್ಕೆ ರಂಗಪ್ಪ ಅಂಗಡಿಗೆ ಬಂದು, "ನಡೀರಿ," ಎಂದ. ಬಸ್ಸು ಹಳೇಬೀಡಿನಲ್ಲಿ ನಿಂತಾಗ ಕಂಡಕ್ಟರ್ ಏನೂ ಕೇಳಲಿಲ್ಲ.

ಹೋಟೆಲಿನ ಹಿಂದಿನ ಕೋಣೆಯಲ್ಲಿ ಎಂದಿಗಿಂತ ಹೆಚ್ಚೇ ಜನ ಇದ್ದರು. ಅರೇಹಳ್ಳಿಯಿಂದ ಬಂದ ಹೊಸಬನೊಬ್ಬ, ಹಗರೆಯ ಕಡೆಯ ಇನ್ನೊಬ್ಬ ಹೊಸಬ ಆಡುತ್ತಿದ್ದರು. ಇಬ್ಬರೂ ಅವರನ್ನು ಕಂಡವರಲ್ಲ. ಆಟ ಬಿಗಿಯಾಗಿತ್ತು. ಕರೆಂಟ್ ಹೋಯಿತು. ಯಾರೂ ಕೇಳುವ ಮುಂಚೆ ಇಬ್ಬರೂ ತಮ್ಮಷ್ಟಕ್ಕೆ ನನ್ನ ಕಡೆ ತಿರುಗಿದರು. ಒಬ್ಬ ಬಂದು ಇನ್ನೊಬ್ಬನದನ್ನು ಕಿವಿಯಲ್ಲಿ ಹೇಳಿದ, ಇನ್ನೊಬ್ಬ ಇವನದನ್ನು. ನಾನು ಗಟ್ಟಿಯಾಗಿ ಹೇಳಿದೆ. ಇಬ್ಬರೂ ಹೌದೆಂದು ತಲೆಯಾಡಿಸಿ ಚಹಾ ಕುಡಿಯಲು ಒಟ್ಟಿಗೆ ಹೊರಗೆ ಹೋದರು. ಟ್ಯಾಕ್ಸಿಯವನು ನನ್ನನ್ನು ನೋಡಿ ನಕ್ಕ. ನನಗೂ ನಗು ಬಂತು, ಅಳುವೂ ಬಂತು.

ಕರೆಂಟ್ ಬಂದ ಮೇಲೆ ರಂಗಪ್ಪ ಬಲಗಡೆಯ ಹಿಡಿಯ ಹತ್ತಿರ ಹೋಗಿ ನಿಂತ. "ಬಾರಮ್ಮ. ಹಸಿರು ನಾನ್ ತಗೋತೀನಿ. ಅವರದು ಎಷ್ಟಿತ್ತೋ ಅಲ್ಲಿಂದ್ಲೇ ಶುರು ಮಾಡಾಣ."

"ಬೇಡ," ಎಂದೆ. "ನಾವು ಮೊದಲಿಂದ ಆಡಾಣ."

ಆಡಿದೆವು. ಈಗಲೂ ಭಾನುವಾರ ಆಡುತ್ತೇನೆ, ಮುಂಚಿಗಿಂತ ಚೆನ್ನಾಗಿಯೇ ಆಡುತ್ತೇನೆ. ಕರೆಂಟ್ ಹೋದರೆ ನನ್ನ ಪಾಯಿಂಟು ಹೇಳುವವರು ಇದ್ದಾರೆ, ಸರಿಯಾಗಿಯೇ ಹೇಳುತ್ತಾರೆ. ಅವರ ಜೊತೆ ಆಡಿದ ಆ ಕೊನೆಯ ಭಾನುವಾರ ಹಸಿರು ದೋಣಿಯ ಮೂಲೆಯಲ್ಲಿ ಮೂರು ಸಾವಿರದ ನೂರು ಇತ್ತು. ನಾನು ಮರೆತಿಲ್ಲ. ಕೇಳಿಸಿಕೊಳ್ಳಬೇಕಾದವರು ಇಲ್ಲ.